ಒಲೆ ಕೊಳ್ಳುವ ಮುನ್ನ ಮನೆಯವರ ಹೃದಯ ನೋಡಿ

ಬಿಬವೇವಾಡಿಯ ಕನ್ನಡದವರು ನನ್ನನ್ನು ಕೇಳುತ್ತಾರೆ: "ಡಾಕ್ಟ್ರೇ, ಗ್ಯಾಸ್ ಒಳ್ಳೆಯದೋ, ಇಂಡಕ್ಷನ್ನೋ?"

ನನ್ನ ಅಭಿಪ್ರಾಯ: ಅಡುಗೆಮನೆಗೆ ಗಾಳಿ ಕಡಿಮೆಯಿದ್ದರೆ ನಿತ್ಯದ ಅಡುಗೆಗೆ ಇಂಡಕ್ಷನ್ ಇರಲಿ. ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಇಂಡಕ್ಷನ್‌ನಲ್ಲಿ ಉರಿಯೇ ಇಲ್ಲ. ಆದರೆ ಒಗ್ಗರಣೆಯ ಹೊಗೆ ಎರಡರಲ್ಲೂ ಇದೆ. ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಜೋಳದ ರೊಟ್ಟಿ ಉರಿಯ ಮೇಲೆಯೇ ಉಬ್ಬಬೇಕೆಂದರೆ ಗ್ಯಾಸ್ ಒಲೆಯನ್ನೂ ಇಟ್ಟುಕೊಳ್ಳಿ, ಕಿಟಕಿ ತೆರೆದು ಬೇಯಿಸಿ.

ಒಂದು ಎಚ್ಚರಿಕೆ. ಅಪ್ಪನಿಗೋ ಅಮ್ಮನಿಗೋ ಪೇಸ್‌ಮೇಕರ್ ಇದೆಯೇ? ಇಂಡಕ್ಷನ್ ಆನ್ ಇರುವಾಗ ಪೇಸ್‌ಮೇಕರ್ ಅದರಿಂದ 60 ಸೆಂ.ಮೀ., ಅಂದರೆ ಎರಡು ಅಡಿ ದೂರವಿರಬೇಕು. ಒಲೆ ಮುಂದೆ ನಿಲ್ಲುವವರೇ ಅವರಾದರೆ ಗ್ಯಾಸೇ ಸರಿ. ಇಂಡಕ್ಷನ್ ಹತ್ತಿರ ತಲೆಸುತ್ತಿದರೆ ತಕ್ಷಣ ದೂರ ಸರಿದು, ವೈದ್ಯರಿಗೆ ತಿಳಿಸಲಿ.

ಊರಿಂದ ಹಿರಿಯರು ಬರುವ ಮುನ್ನ ಇದನ್ನು ಮನೆಮಂದಿಗೆಲ್ಲ ಓದಿ ಹೇಳಿ.