ಅನ್ಯಗ್ರಹದ ಜನರೂ ನಮ್ಮ ಮನೆಯ ಮದುವೆಯೂ

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಲಸೂರಿನ ಕಡೆಯ ತಾಯಿಯೊಬ್ಬರು ದೇವಾಲಯದ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ವೈಟ್‌ಫೀಲ್ಡ್ ಕಡೆಯ ಕಚೇರಿಯೊಂದರಲ್ಲಿ ಉದ್ಯೋಗಿ. ಜೊತೆಯಲ್ಲಿ ದುಡಿಯುವ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಕುಡಿಯುವುದಿಲ್ಲ, ಸೇದುವುದಿಲ್ಲ. ಮನೆಗೆ ಬಂದಾಗ ಕಾಫಿಯನ್ನು ಕೂಡ ವಿನಯದಿಂದಲೇ ಬೇಡವೆಂದನಂತೆ. ಊಟಕ್ಕೆ ಮೊದಲು ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸುತ್ತಾನೆ. ಆದರೆ ಅವನು ಮಾರ್ಮನ್ ಸಭೆಗೆ ಸೇರಿದವನು. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹುಡುಗಿಯ ಸೋದರಮಾವ ಇದನ್ನು ಕೇಳಿ ಕಿಡಿಯಾದರು. "ಸೂರ್ಯಚಂದ್ರರಲ್ಲಿ ಜನರಿದ್ದಾರೆಂದು ನಂಬುವವರು ಅವರು! ಸತ್ತ ಮೇಲೆ ತಲೆಗೊಂದು ಗ್ರಹ ಸಿಗುತ್ತದಂತೆ! ವಿಜ್ಞಾನ ಇದನ್ನೆಲ್ಲ ಎಂದೋ ಅಲ್ಲಗಳೆದಿದೆ. ಅಂಥ ಮನೆಗೆ ಹೆಣ್ಣು ಕೊಡುವುದೇ?" ಎಂಬುದು ಅವರ ವಾದ. "ಮೇಷ್ಟ್ರೇ, ಇದು ನಿಜವೇ?" ಎಂದು ಆ ತಾಯಿ ಕೇಳಿದರು.

ಧರ್ಮೋಪದೇಶದ ತರಗತಿಯಲ್ಲಿ ಇಂಥ ಪ್ರಶ್ನೆ ಹುಡುಗರ ನಗೆಗೆ ವಸ್ತುವಾಗುವುದುಂಟು. ಒಂದು ಮನೆಯ ಮದುವೆ ಅದರ ಮೇಲೆ ನಿಂತಾಗ ನಗುವಂತಿಲ್ಲ. ಸೋದರಮಾವನವರ ಕಳವಳ ನ್ಯಾಯವಾದುದು; ಅವರು ಹಿಡಿದ ಅಸ್ತ್ರ ಮಾತ್ರ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಸಭೆಯ ವಿಷಯ. ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಅದರ ಪೂರ್ಣ ಹೆಸರನ್ನು ಕನ್ನಡದಲ್ಲಿ ‘ಅಂತಿಮ ದಿನಗಳ ಸಂತರ ಯೇಸುಕ್ರಿಸ್ತರ ಸಭೆ’ ಎನ್ನಬಹುದು. ‘ಮಾರ್ಮನ್’ ಎಂಬ ಅಡ್ಡಹೆಸರನ್ನು ಕೈಬಿಡಬೇಕೆಂದು ಅವರ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ 2018ರಲ್ಲಿ ಕೋರಿದ್ದರು. ಓದುಗರಿಗೆ ಗುರುತು ಸಿಗಲೆಂದಷ್ಟೇ ಇಲ್ಲಿ ಅದನ್ನು ಬಳಸಿದ್ದೇನೆ. ಬೆಂಗಳೂರನ್ನು ಕೇಂದ್ರವಾಗಿಸಿ 1993ರಲ್ಲಿ ಅವರ ಪ್ರಚಾರಕಾರ್ಯದ ವಿಭಾಗ ಆರಂಭವಾಯಿತು. ಬಿಳಿಯ ಅಂಗಿ ತೊಟ್ಟು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿ, ಇಬ್ಬಿಬ್ಬರಾಗಿ ನಡೆಯುವ ತರುಣರನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಭಾರತದಲ್ಲಿ ತಮ್ಮ ಮೊದಲ ಮಹಾಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಅವರು 2018ರಲ್ಲಿ ಸಾರಿದರು. 2020ರ ಡಿಸೆಂಬರಿನಲ್ಲಿ ನಗರದ ಪೂರ್ವಭಾಗದಲ್ಲಿ ಭೂಮಿಪೂಜೆಗೆ ಸಮನಾದ ವಿಧಿಯೂ ನಡೆಯಿತು. ಆದ್ದರಿಂದ ಇದು ದೂರದ ಅಮೆರಿಕದ ಸುದ್ದಿಯಲ್ಲ. ಇಂದಿರಾನಗರ, ಕೃಷ್ಣರಾಜಪುರಗಳ ಮನೆಗಳಿಗೆ ನೆರೆಯ ಸಂಗತಿ.

ಲೋಕಗಳು ಅಸಂಖ್ಯವೆಂದೂ, ಅವುಗಳಲ್ಲಿ ವಾಸಿಸುವವರೂ ದೇವರ ಮಕ್ಕಳೆಂದೂ ಅವರ ಗ್ರಂಥಗಳು ಬೋಧಿಸುವುದು ನಿಜ. 1832ರಲ್ಲಿ ತನಗಾದ ದರ್ಶನದಲ್ಲಿ ಸ್ಮಿತ್ ಇದನ್ನು ಸಾರಿದನು. ಅವನ ಉತ್ತರಾಧಿಕಾರಿ ಬ್ರಿಗಮ್ ಯಂಗ್ 1870ರ ಪ್ರವಚನವೊಂದರಲ್ಲಿ, ಸೂರ್ಯನಲ್ಲಿಯೂ ಜನವಸತಿ ಇದ್ದೀತೆಂದು ತನಗೆ ತೋರುತ್ತದೆ ಎಂದನು. ಚಂದ್ರನಲ್ಲಿ ಜನರಿದ್ದಾರೆಂಬ ಮಾತು ಸ್ಮಿತ್‌ನದೆನ್ನುವುದಕ್ಕೆ ಆಧಾರ ಮಾತ್ರ ತೆಳುವಾದುದು. ದಶಕಗಳ ತರುವಾಯ ಅನುಯಾಯಿಯೊಬ್ಬ ನೆನಪಿನಿಂದ ಬರೆದುದು. ಇನ್ನು ತಲೆಗೊಂದು ಗ್ರಹದ ಮಾತು: ಅದು ತಮ್ಮ ಬೋಧನೆಯ ವ್ಯಂಗ್ಯಚಿತ್ರವೆಂದು ಆ ಸಭೆ 2014ರ ತನ್ನ ಪ್ರಬಂಧದಲ್ಲಿ ಹೇಳಿಕೊಂಡಿದೆ. ಎದುರಾಳಿ ಒಪ್ಪದ ಮಾತನ್ನು ಅವನ ಬಾಯಿಗೆ ತುರುಕಿ ಗೆಲ್ಲುವುದು ನಮಗೆ ಭೂಷಣವಲ್ಲ.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5500 ಡಿಗ್ರಿ ಸೆಲ್ಷಿಯಸ್. ಅಲ್ಲಿ ಮನೆ ಕಟ್ಟುವವರಿಲ್ಲ. ಯಂಗ್ ತಪ್ಪಿದನು, ಸರಿ. ಆದರೆ ಯುರೇನಸ್ ಗ್ರಹವನ್ನು ಕಂಡುಹಿಡಿದ ಮಹಾ ಖಗೋಳಜ್ಞ ವಿಲಿಯಂ ಹರ್ಷಲ್ ಕೂಡ 1795ರಲ್ಲಿ ಸೂರ್ಯನಲ್ಲಿ ಜೀವಿಗಳಿರಬಹುದೆಂದೇ ವಾದಿಸಿದ್ದನು. ಅದು ಆ ಕಾಲದ ಗಾಳಿ.

ಸೂರ್ಯನನ್ನು ಬಿಟ್ಟು ಆಚೆ ನೋಡಿದರೆ ವಿಜ್ಞಾನ ಬಾಗಿಲು ಮುಚ್ಚಿಲ್ಲ; ಮೊದಲಿಗಿಂತ ಅಗಲವಾಗಿ ತೆರೆದಿದೆ. ಈ ಕಥೆಯ ಆರಂಭದ ಪುಟವೊಂದು ನಮ್ಮ ದಕ್ಷಿಣ ಭಾರತದಲ್ಲಿಯೇ ಇದೆ. ಯೇಸುಸಭೆಯ ಗುರು ಜೀನ್ ರಿಶೋ ಅವರು 1689ರಲ್ಲಿ ಪುದುಚೇರಿಯಿಂದ ದೂರದರ್ಶಕದಲ್ಲಿ ನೋಡುತ್ತ, ಬರಿಗಣ್ಣಿಗೆ ಒಂದಾಗಿ ಹೊಳೆಯುವ ಆಲ್ಫಾ ಸೆಂಟಾರಿ ನಕ್ಷತ್ರ ನಿಜವಾಗಿ ಎರಡೆಂದು ಕಂಡುಕೊಂಡರು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರಕುಟುಂಬ ಅದು. ಅದಕ್ಕೆ ಸೇರಿದ ಪುಟ್ಟ ಕೆಂಪು ನಕ್ಷತ್ರ ಪ್ರಾಕ್ಸಿಮಾವನ್ನು ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹವನ್ನು 1995ರಲ್ಲಿ ಗುರುತಿಸಿದ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. 2025ರ ಹೊತ್ತಿಗೆ ಹೀಗೆ ಖಚಿತಗೊಂಡ ಗ್ರಹಗಳ ಸಂಖ್ಯೆ 6000 ದಾಟಿತು. ಆ ವರ್ಷವೇ ಭಾರತದಲ್ಲಿ ಹುಟ್ಟಿದ ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ, ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾಯುವಿನಲ್ಲಿ, ಭೂಮಿಯಲ್ಲಿ ಕಡಲಿನ ಸೂಕ್ಷ್ಮಜೀವಿಗಳು ಹೊರಸೂಸುವಂಥ ಅನಿಲದ ಸುಳಿವು ಇದೆಯೆಂದಿತು. ಇತರ ವಿಜ್ಞಾನಿಗಳು ಅದನ್ನು ಪ್ರಶ್ನಿಸಿದರು. ಒಂದೇ ಒಂದು ಗ್ರಹದಲ್ಲಿಯೂ ಜೀವವಿದೆಯೆಂದು ಇದುವರೆಗೆ ಸಿದ್ಧವಾಗಿಲ್ಲ. ಎಲ್ಲಿಯೂ ಇಲ್ಲವೆಂದೂ ಸಿದ್ಧವಾಗಿಲ್ಲ. ಸೋದರಮಾವನವರು ವಿಜ್ಞಾನವನ್ನು ಸಾಕ್ಷಿಗೆ ಕರೆದರೆ ಅದು ಕಟಕಟೆಯಲ್ಲಿ ಮೌನವಾಗಿ ನಿಂತೀತು.

ಹಾಗೆ ನೋಡಿದರೆ ನಮ್ಮ ಧರ್ಮಸಭೆಯೂ ಈ ಪ್ರಶ್ನೆಯನ್ನು ಮುಚ್ಚಿಲ್ಲ. ದೇವರು ಅನೇಕ ಲೋಕಗಳನ್ನು ಸೃಷ್ಟಿಸಲಾರರು ಎಂಬ ವಾದವನ್ನು 1277ರಲ್ಲಿಯೇ ಪ್ಯಾರಿಸಿನ ಧರ್ಮಾಧ್ಯಕ್ಷ ತಾಂಪಿಯೆ ಖಂಡಿಸಿದರು. ಕೂಸಾದ ನಿಕೋಲಸ್ 1440ರಲ್ಲಿ ಬೇರೆ ಗೋಳಗಳಲ್ಲಿಯೂ ನಿವಾಸಿಗಳಿರಬಹುದೆಂದು ಬರೆದರು. ಅನಂತರ ಅವರು ಕಾರ್ಡಿನಲ್ ಆದರು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಗುರು ಹೊಸೆ ಫ್ಯೂನೆಸ್ 2008ರಲ್ಲಿ, ಅನ್ಯಲೋಕದ ಜೀವಿಗಳಿದ್ದರೆ ಅವರೂ ಸೃಷ್ಟಿಗೆ ಸೇರಿದ ಸೋದರರೇ ಎಂಬರ್ಥದ ಮಾತನ್ನಾಡಿದರು. ಕಪ್ಪುಚುಕ್ಕೆಯೂ ಇದೆ, ಮರೆಮಾಚಬಾರದು. 1600ರಲ್ಲಿ ರೋಮಿನಲ್ಲಿ ಬ್ರೂನೋನನ್ನು ಸುಟ್ಟಾಗ ಅವನ ಮೇಲಿದ್ದ ಆರೋಪಗಳಲ್ಲಿ ಲೋಕಗಳ ಅನೇಕತೆಯೂ ಒಂದಾಗಿತ್ತು.

ಹಾಗಾದರೆ ಭೇದವೆಲ್ಲಿ? ಲೋಕಗಳಲ್ಲಿ ಅಲ್ಲ, ದೇವರಲ್ಲಿ. ಪಿತನಾದ ದೇವರಿಗೆ ಮಾಂಸ ಮತ್ತು ಮೂಳೆಗಳ ದೇಹವಿದೆಯೆಂದು ಸ್ಮಿತ್ 1843ರಲ್ಲಿ ಬೋಧಿಸಿದನು. 1844ರ ಪ್ರಖ್ಯಾತ ಪ್ರವಚನದಲ್ಲಿ ಅವನು ಇನ್ನೂ ಮುಂದೆ ಹೋದನು: ದೇವರು ಒಂದು ಕಾಲದಲ್ಲಿ ನಮ್ಮಂತೆ ಮನುಷ್ಯನಾಗಿದ್ದು ಮೇಲೇರಿದವರು, ಲೋಕವನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ, ಮೊದಲೇ ಇದ್ದ ದ್ರವ್ಯವನ್ನು ಜೋಡಿಸಿದರು. ಅವರ ಗ್ರಂಥವೊಂದರಲ್ಲಿ ದೇವರ ಸಿಂಹಾಸನಕ್ಕೆ ಸಮೀಪವಾದ ಕೋಲಬ್ ಎಂಬ ನಕ್ಷತ್ರದ ವರ್ಣನೆಯೂ ಇದೆ. ಅಂದರೆ ಅವರ ದೇವರು ವಿಶ್ವದ ಒಳಗಿನ ಅತ್ಯುನ್ನತ ನಿವಾಸಿ. ನಾವು ಪ್ರತಿ ಭಾನುವಾರ ವಿಶ್ವಾಸಸಂಗ್ರಹದಲ್ಲಿ ಒಪ್ಪಿಕೊಳ್ಳುವ ದೇವರಾದರೋ ವಿಶ್ವವೇ ಇಲ್ಲದಿದ್ದಾಗಲೂ ಇದ್ದವರು. ಸಕಲವನ್ನೂ ಶೂನ್ಯದಿಂದ ಉಂಟುಮಾಡಿದವರೆಂದು 1215ರ ಲ್ಯಾಟರನ್ ಮಹಾಸಭೆ ಅವರನ್ನು ಕುರಿತು ಸಾರಿತು. ಇಲ್ಲಿಯೂ, ವಿಶ್ವಕ್ಕೆ ಆರಂಭವಿತ್ತೆಂದು ವಿಜ್ಞಾನವೇ ಹೇಳುತ್ತದಲ್ಲ ಎಂದು ಎದೆಯುಬ್ಬಿಸುವ ಆಸೆಯಾಗುತ್ತದೆ. ಆ ಸಿದ್ಧಾಂತಕ್ಕೆ 1931ರಲ್ಲಿ ರೂಪ ಕೊಟ್ಟ ಲೆಮೈತ್ರ್ ಸ್ವತಃ ಕಥೋಲಿಕ ಗುರುವಾಗಿದ್ದರು. ತಮ್ಮ ಸಿದ್ಧಾಂತವನ್ನು ಸೃಷ್ಟಿಯ ವಿಶ್ವಾಸಕ್ಕೆ ಸಾಕ್ಷಿಯಾಗಿ ಬಳಸುವುದನ್ನು ಅವರೇ ಒಪ್ಪಲಿಲ್ಲ.

ಈ ಭೇದ ಪಂಡಿತರ ಚರ್ಚೆಯಲ್ಲಿ ಮುಗಿಯುವುದಿಲ್ಲ. ಧರ್ಮಕೇಂದ್ರದ ಮದುವೆಯ ದಫ್ತರಕ್ಕೂ ಬರುತ್ತದೆ. ಆ ತಾಯಿಯ ಹಿರಿಯ ಅಳಿಯ ಸಿ.ಎಸ್.ಐ. ಸಭೆಯವನು. ದಂಡುಪ್ರದೇಶದಲ್ಲಿ ಇಂಥ ಸಂಬಂಧ ಅಪರೂಪವಲ್ಲ. ಅವನ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಒಪ್ಪುತ್ತದೆ. ಈ ಹುಡುಗನೂ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿಯೇ ನೀರಿನಲ್ಲಿ ಮುಳುಗಿದವನು. ಆದರೆ ಆ ದೀಕ್ಷೆ ಸಿಂಧುವಲ್ಲವೆಂದು ರೋಮ್ 2001ರ ಜೂನ್ 5ರಂದು ತೀರ್ಮಾನಿಸಿತು, ಏಕೆಂದರೆ ಶಬ್ದ ಒಂದೇ ಆದರೂ ಅವು ಸೂಚಿಸುವ ದೇವರು ಬೇರೆ. ಆದ್ದರಿಂದ ಇದು ದೀಕ್ಷಾಸ್ನಾನ ಪಡೆಯದವನೊಡನೆ ಆಗುವ ಮದುವೆ. ಧರ್ಮಾಧ್ಯಕ್ಷರ ಕಡೆಯಿಂದ ವಿನಾಯಿತಿ ಬಾರದಿದ್ದರೆ, ದೇವಾಲಯದ ಪೀಠದ ಮುಂದೆಯೇ ನಡೆದರೂ ಅದು ಸಿಂಧುವಾಗದು. ತಾನು ವಿಶ್ವಾಸದಲ್ಲಿ ಉಳಿಯುವೆನೆಂದೂ, ಮಕ್ಕಳಿಗೆ ಕಥೋಲಿಕ ದೀಕ್ಷೆ ಕೊಡಿಸಲು ಕೈಲಾದುದನ್ನೆಲ್ಲ ಮಾಡುವೆನೆಂದೂ ಹುಡುಗಿ ಮಾತು ಕೊಡಬೇಕು. ಅದು ಹುಡುಗನಿಗೂ ತಿಳಿದಿರಬೇಕು. ಅವನ ಸಭೆಯಲ್ಲಾದರೋ ಮಹಾಮಂದಿರದಲ್ಲಿ ಆದ ವಿವಾಹಬಂಧ ಮರಣದಾಚೆಗೂ ನಿಲ್ಲುತ್ತದೆಂಬ ಬೋಧನೆಯಿದೆ. ಪ್ರತಿಷ್ಠೆಯಾದ ಮಂದಿರದೊಳಗೆ ಅರ್ಹತಾಪತ್ರವುಳ್ಳ ಸದಸ್ಯರಿಗೆ ಮಾತ್ರ ಪ್ರವೇಶ. ಮುಂದೊಂದು ದಿನ ಮೊಮ್ಮಗಳ ಮದುವೆ ಅಲ್ಲಿ ನಡೆದರೆ ಅಜ್ಜಿ ಹೊರಗೆ ಕುಳಿತಿರಬೇಕಾದೀತು. ಇದನ್ನು ಹೇಳಿದಾಗ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಧರ್ಮಕೇಂದ್ರದ ಗುರುಗಳನ್ನು ಕಾಣಿರೆಂದೂ, ಹುಡುಗನನ್ನು ಗ್ರಹಗಳ ವಿಷಯ ಕೇಳದೆ, ಅವನು ಪ್ರಾರ್ಥಿಸುವ ದೇವರು ಯಾರೆಂದು ಕೇಳಿರೆಂದೂ ನಾನು ಹೇಳಿ ಕಳುಹಿಸಿದೆ. ಎರಡು ವಾರಗಳ ಬಳಿಕ ಅವರು ಮತ್ತೆ ಸಿಕ್ಕರು. ಹುಡುಗ ಬೇಸರವಿಲ್ಲದೆ ಒಂದು ಗಂಟೆ ವಿವರಿಸಿದನಂತೆ. ಅನಂತರ, "ನಿಮ್ಮ ತ್ರಿತ್ವ ಎಂದರೇನು? ಮೂವರು ಒಬ್ಬರಾಗುವುದು ಹೇಗೆ?" ಎಂದು ಹುಡುಗಿಯನ್ನು ಕೇಳಿದನಂತೆ. ಅವಳಿಂದ ಒಂದು ವಾಕ್ಯವೂ ಹೊರಡಲಿಲ್ಲವಂತೆ. ದೃಢೀಕರಣ ಸಂಸ್ಕಾರ ಪಡೆದ ಹುಡುಗಿ ಅವಳು. ಅವಳಿಗೆ ಧರ್ಮೋಪದೇಶ ಕಲಿಸಿದವರಲ್ಲಿ ನಾನೂ ಒಬ್ಬ.

ಈಗ ಶನಿವಾರದ ಸಂಜೆ ತಾಯಿ, ಮಗಳು, ಆ ಹುಡುಗ ಮೂವರೂ ನಮ್ಮಲ್ಲಿಗೆ ಬರುತ್ತಿದ್ದಾರೆ. ಮದುವೆಯ ಮಾತು ಇನ್ನೂ ತೀರ್ಮಾನವಾಗಿಲ್ಲ. ಸೋದರಮಾವನವರಿಗೂ ಹೇಳಿಕಳುಹಿಸಿದ್ದೇನೆ, ಅವರು ಇನ್ನೂ ಬಂದಿಲ್ಲ.