ಪಾದರಕ್ಷೆಗೊಂದು ಅರಮನೆ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವು ಶಾಸನಗಳು, ವೀರಗಲ್ಲುಗಳು, ಅರಸರ ಖಡ್ಗಗಳು. ಹೊಸ್ತಿಲಾಚೆಗೆ ಬಿಟ್ಟು ಒಳಬರುವ ಪಾದರಕ್ಷೆಗೂ ಅಲ್ಲಿ ಸ್ಥಾನವುಂಟೆಂದು ನಾವು ಎಣಿಸುವುದಿಲ್ಲ. ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ, ಆರ್ನೋ ನದಿಯ ದಡದಲ್ಲಿ, ಹದಿಮೂರನೆಯ ಶತಮಾನದ ಸ್ಪೀನಿ ಫೆರೋನಿ ಎಂಬ ಅರಮನೆಯಿದೆ. ಸಾಲ್ವತೋರೆ ಫೆರಗಾಮೊ ಎಂಬ ಪಾದರಕ್ಷಾ ಶಿಲ್ಪಿಯ ಸ್ಮರಣಾರ್ಥ 1995ರಲ್ಲಿ ಅಲ್ಲೊಂದು ಸಂಗ್ರಹಾಲಯ ತೆರೆಯಿತು. ಭಕ್ತರೊಬ್ಬರ ಆಹ್ವಾನದ ಮೇರೆಗೆ 2024ರಲ್ಲಿ ಆ ದೇಶಕ್ಕೆ ಹೋಗಿದ್ದಾಗ, ಅಲ್ಲಿ ಏರ್ಪಟ್ಟಿದ್ದ ಅವರ ಜೀವನ ಸಾಧನೆಯ ಪ್ರದರ್ಶನವನ್ನು ಕಾಣುವ ಯೋಗ ಒದಗಿತು.

ಫೆರಗಾಮೊ 1898ರಲ್ಲಿ ದಕ್ಷಿಣ ಇಟಲಿಯ ಬೊನೀಟೊ ಎಂಬ ಬಡ ಹಳ್ಳಿಯಲ್ಲಿ ಜನಿಸಿದರು. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದನೆಯವರು. ಪಾದರಕ್ಷೆ ಹೊಲಿಯುವುದು ಅತ್ಯಂತ ಕೀಳು ಕಸುಬೆಂದು ಆ ಸೀಮೆಯ ಜನ ಭಾವಿಸಿದ್ದರು. ಮಗ ಅದನ್ನು ಕಲಿಯುವುದು ಹೆತ್ತವರಿಗೂ ಸಮ್ಮತವಿರಲಿಲ್ಲ. ಚರ್ಚಿನ ಸಂಸ್ಕಾರವೊಂದಕ್ಕೆ ಸೋದರಿಗೆ ಬಿಳಿಯ ಪಾದರಕ್ಷೆ ಬೇಕಾಗಿತ್ತು, ಕೊಳ್ಳಲು ಮನೆಯಲ್ಲಿ ಹಣವಿರಲಿಲ್ಲ. ಒಂಬತ್ತು ವರ್ಷದ ಬಾಲಕ ಸಾಮಗ್ರಿಯನ್ನು ಬೇಡಿ ತಂದು, ರಾತ್ರಿಯೆಲ್ಲ ಕುಳಿತು ಹೊಲಿದುಕೊಟ್ಟ. ಅಂದಿನಿಂದ ಮನೆಯವರ ವಿರೋಧ ಸಡಿಲಿತು.

ಮುಂದೆ ಅಮೆರಿಕಕ್ಕೆ ತೆರಳಿ ಹಾಲಿವುಡ್ಡಿನ ಚಿತ್ರಗಳಿಗೆ ಪಾದರಕ್ಷೆ ಮಾಡಿಕೊಟ್ಟು ಹೆಸರಾದರು. ನೋಟಕ್ಕೆ ಚೆಲುವಾದ ಮೆಟ್ಟು ಕಾಲನ್ನೇಕೆ ನೋಯಿಸಬೇಕೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಅದಕ್ಕಾಗಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರವನ್ನು ಅಭ್ಯಸಿಸಿದರು. ನೆಟ್ಟಗೆ ನಿಂತಾಗ ದೇಹಭಾರವು ಪಾದದ ನಡುವಿನ ಕಮಾನಿನ ಮೇಲೆ ಬೀಳುವುದೆಂದು ಕಂಡುಕೊಂಡು, ಆ ಕಮಾನಿಗೆ ಉಕ್ಕಿನ ಪಟ್ಟಿಯ ಆಸರೆ ಕೊಟ್ಟರು. ಧರಿಸುವವರ ನೋವನ್ನು ತನ್ನದೆಂದು ಬಗೆದಾಗಲೇ ಕಸುಬು ವಿದ್ಯೆಯಾಗುತ್ತದೆ.

1927ರಲ್ಲಿ ಅವರು ಇಟಲಿಗೆ ಮರಳಿ ಫ್ಲಾರೆನ್ಸಿನಲ್ಲಿ ನೆಲೆಸಿದರು. 1933ರಲ್ಲಿ ದಿವಾಳಿಯಾದರು, ಧೃತಿಗೆಡದೆ ಮತ್ತೆ ಆರಂಭಿಸಿದರು. ಇಟಲಿಯು ಇಥಿಯೋಪಿಯದ ಮೇಲೆ ಆಕ್ರಮಣ ಮಾಡಿದ್ದರಿಂದ 1935ರಲ್ಲಿ ಅದರ ಮೇಲೆ ಆರ್ಥಿಕ ದಿಗ್ಬಂಧನ ಬಿತ್ತು. ಒಳ್ಳೆಯ ಉಕ್ಕು ದುರ್ಲಭವಾಯಿತು. ಆಗ ಸೀಸೆಯ ಬಿರಡೆಗೆ ಬಳಸುವ ಕಾರ್ಕನ್ನೇ ಕೊರೆದು, ಹಿಮ್ಮಡಿಗೂ ಅಟ್ಟೆಗೂ ನಡುವೆ ತುಂಬಿ, ಉಕ್ಕು ಬೇಡದ ಪಾದರಕ್ಷೆಯನ್ನು ರೂಪಿಸಿದರು. ತೊಗಲಿಲ್ಲದಾಗ ನಾರು, ಸೆಣಬು, ಮಿಠಾಯಿಗೆ ಸುತ್ತುವ ಪಾರದರ್ಶಕ ಹಾಳೆಗಳೂ ಅವರ ಕೈಯಲ್ಲಿ ಚೆಲುವಾದವು. ಗಾಜಿನ ಪೆಟ್ಟಿಗೆಗಳಲ್ಲಿ ಇವನ್ನು ನೋಡುವಾಗ, ಕೊರತೆಯೂ ಗುರುವಾಗಬಲ್ಲದೆಂಬ ಮಾತು ಮನಸ್ಸಿಗೆ ನಾಟುತ್ತದೆ.

ಇನ್ನೊಂದೆಡೆ ಗಿರಾಕಿಗಳ ಪಾದದಳತೆಯ ಮರದ ಅಚ್ಚುಗಳು. ಚಿತ್ರತಾರೆಯರಾದ ಗ್ರೇಟಾ ಗಾರ್ಬೊ, ಮರ್ಲಿನ್ ಮನ್ರೊ ಮುಂತಾದವರ ಹೆಸರುಗಳು ಅಲ್ಲಿವೆ. ನಮ್ಮ ದೇಶದ ಕೂಚ್ ಬಿಹಾರದ ಮಹಾರಾಣಿ ಇಂದಿರಾದೇವಿಯವರೂ ಅವರ ಗಿರಾಕಿಯಾಗಿದ್ದರು. ಪಾದರಕ್ಷೆಗೆ ಹೊಲಿಯಲೆಂದು ಮುತ್ತು ವಜ್ರಗಳನ್ನೇ ಕಳುಹಿಸಿದ್ದರಂತೆ. 1950ರ ಸುಮಾರಿಗೆ ಏಳುನೂರು ಕುಶಲಕರ್ಮಿಗಳು ಅಲ್ಲಿ ದಿನಕ್ಕೆ 350 ಜೊತೆ ಪಾದರಕ್ಷೆಗಳನ್ನು ಕೈಯಿಂದಲೇ ಮಾಡುತ್ತಿದ್ದರು. ಧರಿಸಿದವರ ಹೆಸರನ್ನು ಲೋಕ ಬಲ್ಲದು, ಮಾಡಿಸಿದವರ ಹೆಸರನ್ನೂ ಬಲ್ಲದು. ಆ ಏಳುನೂರು ಜನರ ಹೆಸರುಗಳನ್ನು ಕೇಳುವವರು ವಿರಳ.

ಇದು ಕಾಯಕವೇ ಎಂದು ಓದುಗರು ಕೇಳಬಹುದು. ಶ್ರದ್ಧೆಯಿದೆ, ಸತ್ಯವಾದ ದುಡಿಮೆಯಿದೆ. ಆದರೆ ಶರಣರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲ. ದುಡಿದವನು ಕೊಳ್ಳಲಾರದ ಬೆಲೆಯ ವಸ್ತು ಎಷ್ಟೇ ಸುಂದರವಾಗಿದ್ದರೂ ಅರ್ಧ ದಾರಿಯಲ್ಲೇ ನಿಂತ ಕಾಯಕವದು. ಹಾಗೆಂದು ಆ ಜನರನ್ನು ಹಳಿಯುವ ಅಧಿಕಾರ ನಮಗುಂಟೆ?

ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರೂ ಅವರ ಧರ್ಮಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದು ನಮ್ಮ ಪರಂಪರೆ ನೆನೆಯುತ್ತದೆ. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ಶಿರದ ಮೇಲಿರಿಸಿಕೊಂಡರು. ಫ್ಲಾರೆನ್ಸಿನ ಸಂಗ್ರಹಾಲಯಕ್ಕಿಂತ ಎಂಟು ಶತಮಾನಗಳಷ್ಟು ಮುಂಚೆಯೇ ಪಾದರಕ್ಷೆಗೆ ದೊರೆತ ಸ್ಥಾನವದು. ಈ ಪ್ರಸಂಗವನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರಿಡುವ ನಾವು, ನಮ್ಮ ಬೀದಿಯ ಮೂಲೆಯಲ್ಲಿ ಬಿಸಿಲಿಗೆ ಕುಳಿತು ನಮ್ಮ ಹರಿದ ಚಪ್ಪಲಿ ಹೊಲಿಯುವವರಿಗೆ ಏನು ಕೊಟ್ಟಿದ್ದೇವೆ? ನಿಂತಲ್ಲಿಂದಲೇ ಚಪ್ಪಲಿಯನ್ನು ಎಸೆದು, ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಿ, ನಾಣ್ಯವನ್ನು ಕೈಗೆ ತಾಗದಂತೆ ಬೀಳಿಸುವ ರೂಢಿ ನಮ್ಮ ಮನೆಗಳಿಂದ ಪೂರ್ಣವಾಗಿ ಅಳಿದಿದೆಯೆಂದು ಎದೆಮುಟ್ಟಿ ಹೇಳಬಲ್ಲೆವೆ?

ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಸುಲಭ. ಭಾವಚಿತ್ರಕ್ಕೆ ಮಾಲೆ ಹಾಕುವುದೂ ಸುಲಭ. ಮುಂದಿನ ಸಲ ಚಪ್ಪಲಿ ಹೊಲಿಸಲು ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಅವರ ಹೆಸರನ್ನು ಕೇಳಿ ತಿಳಿಯಿರಿ, ನಿಮ್ಮದನ್ನೂ ಹೇಳಿರಿ. ಕೂಲಿಯನ್ನು ಕೈಯಲ್ಲಿಟ್ಟು, ಮಕ್ಕಳಿಂದ ಶರಣು ಎನ್ನಿಸಿರಿ. ಹರಳಯ್ಯನವರ ಸ್ಮರಣೆಗೆ ಅದಕ್ಕಿಂತ ದೊಡ್ಡ ಮಂದಿರ ಬೇಕಿಲ್ಲ.