ತಲೆಯೆಣಿಕೆಯೊಂದೇ ಅಳತೆಗೋಲಾದರೆ

ಮಲೆನಾಡಿನ ಹಳ್ಳಿಗಳಲ್ಲಿ ಬಾಗಿಲು ಮುಚ್ಚಿದ ಮನೆಗಳು ಹೆಚ್ಚುತ್ತಿವೆ ಎಂಬುದನ್ನು ತಿಳಿಯಲು ನಮಗೆ ಅಂಕಿಅಂಶಗಳು ಬೇಕಿಲ್ಲ. ಆದರೂ ಜನಗಣತಿ ಅದನ್ನು ದಾಖಲಿಸಿದೆ. 2001ರಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಕೊಡಗಿನ ಹೆಚ್ಚಳ ಸುಮಾರು ಶೇ. 1 ಮಾತ್ರ. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ. 47ರಷ್ಟು ಬೆಳೆಯಿತು. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಚಿಕ್ಕಮಗಳೂರಿನಲ್ಲಿ 158 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 4,300ಕ್ಕೂ ಅಧಿಕ.

ಈ ವಿರಳತೆಯನ್ನೇ ಮುಂದಿಟ್ಟುಕೊಂಡು ನಮಗೆ ಎರಡು ಮಾತುಗಳನ್ನು ಹೇಳಲಾಗುತ್ತಿದೆ. ಮಕ್ಕಳು ಕಡಿಮೆ, ಆದ್ದರಿಂದ ಶಾಲೆ ಬೇಡ. ಪ್ರಯಾಣಿಕರು ಕಡಿಮೆ, ಆದ್ದರಿಂದ ಬಸ್ಸು ಬೇಡ ಎಂಬುದು ಮೊದಲನೆಯದು. ಜನವಸತಿ ಕಡಿಮೆ, ಆದ್ದರಿಂದ ಅಣೆಕಟ್ಟಿಗೂ ಗಣಿಗೂ ತಕ್ಕ ಜಾಗ ಎಂಬುದು ಎರಡನೆಯದು. ಮೊದಲನೆಯ ಮಾತು ಜನರನ್ನು ಊರು ಬಿಡಿಸುತ್ತದೆ. ಊರು ಬಿಟ್ಟವರ ಲೆಕ್ಕ ಎರಡನೆಯ ಮಾತಿಗೆ ಪುಷ್ಟಿ ನೀಡುತ್ತದೆ.

ಹುಟ್ಟು ಸಾವಿಗಿಂತ ಹೆಚ್ಚಿರುವಾಗಲೂ ಒಂದು ಜಿಲ್ಲೆಯ ಜನಸಂಖ್ಯೆ ಕುಗ್ಗಿದರೆ, ಬಂದವರಿಗಿಂತ ಹೋದವರು ಹೆಚ್ಚು ಎಂದೇ ಅರ್ಥ. ಹೋಗುವವರು ಯಾರು? ಓದಲು, ದುಡಿಯಲು ಶಕ್ತಿಯಿರುವ ಎಳೆಯರು. ಉಳಿಯುವವರು ವೃದ್ಧರು, ಅವರನ್ನು ನೋಡಿಕೊಳ್ಳುವ ಹೆಂಗಸರು. ಕೊಡಗಿನಲ್ಲಿ ಸಾವಿರ ಪುರುಷರಿಗೆ 1,019 ಮಹಿಳೆಯರು, ಚಿಕ್ಕಮಗಳೂರಿನಲ್ಲಿ 1,008. ರಾಜ್ಯದ ಸರಾಸರಿ 973. ಇದನ್ನು ಸ್ತ್ರೀ ಸಮಾನತೆಯ ಗುರುತೆಂದು ಮಾತ್ರ ಓದುವುದು ಅವಸರವಾದೀತು. ಗಂಡಸರ ವಲಸೆಯೂ ಈ ಅನುಪಾತವನ್ನು ಮೇಲಕ್ಕೆ ಒಯ್ಯುತ್ತದೆ. ಉತ್ತರಾಖಂಡದ ಅಲ್ಮೋರಾ, ಪೌರಿ ಗಢವಾಲ್ ಜಿಲ್ಲೆಗಳಲ್ಲೂ 2011ರ ಚಿತ್ರ ಇದೇ: ಕುಗ್ಗಿದ ಜನಸಂಖ್ಯೆ, ಸಾವಿರವನ್ನು ಬಹಳಷ್ಟು ಮೀರಿದ ಲಿಂಗಾನುಪಾತ.

ಆದರೆ ಜನ ವಿರಳವಾದ ಈ ನೆಲದ ಮೇಲೆ ಎಷ್ಟು ಜನರ ಬದುಕು ನಿಂತಿದೆ ಎಂಬುದನ್ನು ಯಾವ ಸಾಂದ್ರತೆಯ ನಕ್ಷೆಯೂ ತೋರಿಸುವುದಿಲ್ಲ. ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ತುಂಗೆ, ಭದ್ರೆ, ಹೇಮಾವತಿ ಹುಟ್ಟುವುದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಬೆಂಗಳೂರು ಕುಡಿಯುವುದು ಕಾವೇರಿಯ ನೀರು. ದಾವಣಗೆರೆಯ ಗದ್ದೆಗಳಿಗೆ ಹರಿಯುವುದು ಭದ್ರೆಯ ನೀರು. ಸೊಪ್ಪಿನಬೆಟ್ಟ, ದೇವರಕಾಡು, ಹಳ್ಳಕೊಳ್ಳಗಳ ಮೇಲೆ ಕಣ್ಣಿಟ್ಟು ಕಾಯುವ ಕೈಗಳು ಇಲ್ಲವಾದರೆ ನಷ್ಟ ಮಲೆನಾಡಿನದು ಮಾತ್ರವಲ್ಲ.

ಎಣಿಕೆ ಕುಗ್ಗಿದಾಗ ನಮ್ಮ ದನಿಯೂ ಕುಗ್ಗುತ್ತದೆ. 2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಮರುವಿಂಗಡಣೆಯಲ್ಲಿ ಕೊಡಗಿನ ವಿಧಾನಸಭಾ ಸ್ಥಾನಗಳು ಮೂರರಿಂದ ಎರಡಕ್ಕೆ ಇಳಿದವು. 2008ರ ಚುನಾವಣೆ ನಡೆದದ್ದು ಹಾಗೆಯೇ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, ಈಗ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ನಿಗದಿಪಡಿಸಲಾಗಿದೆ. ಅದಕ್ಕೆ ಮುನ್ನ ನಾವು ಮಾಡಬೇಕಾದ ಕೆಲಸವಿದೆ.

ಶಾಲೆ, ಆಸ್ಪತ್ರೆ, ಸಾರಿಗೆಯನ್ನು ತಲೆಯೆಣಿಕೆಯಿಂದಲ್ಲದೆ, ನಡೆಯಬೇಕಾದ ದೂರ, ಮಳೆಗಾಲದ ದಾರಿ, ಕಾಡಿನ ವಿಸ್ತಾರ ಇವುಗಳಿಂದ ಅಳೆಯಬೇಕೆಂದು ಗ್ರಾಮಸಭೆಗಳು ನಿರ್ಣಯಿಸಲಿ. ಜಿಲ್ಲೆಯ ಸರಾಸರಿಯಲ್ಲಿ ಬಯಲಿನ ಕಡೂರೂ ಮಲೆಯ ಶೃಂಗೇರಿಯೂ ಬೆರೆತುಹೋಗುವುದರಿಂದ ವಿದ್ಯಾರ್ಥಿ ಮಿತ್ರರು ತಮ್ಮ ತಮ್ಮ ಊರಿನ ಲೆಕ್ಕವನ್ನು ತಾವೇ ಬರೆಯಲಿ: ಮನೆಗಳೆಷ್ಟು, ಬೀಗ ಬಿದ್ದವೆಷ್ಟು, ಯಾವ ವಯಸ್ಸಿನವರು ಉಳಿದಿದ್ದಾರೆ, ಹೋದವರು ಏಕೆ ಹೋದರು. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರನ್ನು, ಹಾಡಿಗಳ ಆದಿವಾಸಿಗಳನ್ನು ಈ ಲೆಕ್ಕದಿಂದ ಬಿಡಬಾರದು. ಅವರೂ ಈ ನೆಲದ ಜನರೇ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರೆದುರು ಓದೋಣ.